ಬಂದೂಕಿನ ಪುಸ್ತಕ

ನನ್ನ ಗಂಡ ಜಯಂತ ಮೊಟ್ಟೆ ಮುಟ್ಟುವುದಿಲ್ಲ, ಆದರೆ ಜಿಂಕೆ ಹೊಡೆಯುತ್ತಾರೆ. ಈ ವಿಷಯವನ್ನು ನಾನು ಮೈಸೂರಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಫೋನಿನಲ್ಲೇ ಪ್ರಾಯಶ್ಚಿತ್ತದ ಪಟ್ಟಿ ಬರುತ್ತದೆ.

ಒಕಾಜಾಕಿಯ ಸಂಶೋಧನಾ ಸಂಸ್ಥೆಯಲ್ಲಿ ಅವರ ಕೆಲಸ ಜಿಂಕೆಯ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಕುರಿತದ್ದು. ಪ್ರಾಣಿ ಸತ್ತ ಅರ್ಧ ಗಂಟೆಯೊಳಗೆ ಸ್ಯಾಂಪಲ್ ತೆಗೆದು ಐಸಿನಲ್ಲಿಡಬೇಕಂತೆ. ಬೇಟೆಗಾರರ ದಾರಿ ಕಾದು ಕೂತರೆ ಕೆಲಸ ಸಾಗುವುದಿಲ್ಲವೆಂದು ಅವರ ಪ್ರೊಫೆಸರ್ ಇವರಿಗೇ ಲೈಸೆನ್ಸ್ ಮಾಡಿಸಿದರು. ಹಾಗಾಗಿ ನಮ್ಮ ಎರಡು ಕೋಣೆಯ ಮನೆಗೆ ಒಂದು ಬಂದೂಕು ಬಂತು. ಅದರ ಹಿಂದೆ ಅದಕ್ಕೊಂದು ಕಬ್ಬಿಣದ ಬೀರುವೂ ಬಂತು.

ಜಪಾನಿನಲ್ಲಿ ಬಂದೂಕು ಇಟ್ಟುಕೊಳ್ಳುವುದೆಂದರೆ ಒಂದು ವ್ರತ. ನೇಮಗಳು ಲೆಕ್ಕವಿಲ್ಲದಷ್ಟು. ಅದನ್ನು ಹೆಂಡತಿ ಮುಟ್ಟುವಂತಿಲ್ಲ. ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಹೆಂಡತಿಗೆ ಗೊತ್ತಿರುವಂತಿಲ್ಲ. ತಮ್ಮ ಬನಿಯನ್ ಎಲ್ಲಿದೆಯೆಂದು ಸ್ವತಃ ಗೊತ್ತಿಲ್ಲದ ಮನುಷ್ಯ, ನನಗೆ ಗೊತ್ತಾಗದ ಹಾಗೆ ಒಂದು ಬೀಗದ ಕೈಯನ್ನು ಮೂರು ವರ್ಷ ಬಚ್ಚಿಟ್ಟಿದ್ದಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಬಂದೂಕಿನ ಪುಸ್ತಕ. ಅದು ಬ್ಯಾಂಕಿನ ಪಾಸ್‌ಬುಕ್ಕಿನಷ್ಟಿರುವ ಅನುಮತಿಪತ್ರ. ಅದರಲ್ಲಿ ಇವರ ಫೋಟೋ, ವಿಳಾಸ, ಬಂದೂಕಿನ ನಂಬರು, ನಳಿಗೆಯ ಉದ್ದ ಎಲ್ಲವೂ ಇದೆ. ಬಂದೂಕು ಮನೆಯಿಂದ ಹೊರಗೆ ಕಾಲಿಟ್ಟರೆ ಪುಸ್ತಕವೂ ಜೊತೆಗಿರಲೇಬೇಕು. ಇಲ್ಲದಿದ್ದರೆ, ಬಂದೂಕು ನಿಮ್ಮದೇ ಆದರೂ ನಿಮ್ಮದಲ್ಲ. ದಂಡ ಬೀಳುತ್ತದೆ, ಅನುಮತಿ ರದ್ದಾಗಬಹುದು. ಇವರಿಗೆ ಅನುಮತಿ ಹೋದರೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಹೋದರೆ ವೀಸಾ ಇಲ್ಲ.

ಅನುಮತಿ ಕೊಡುವ ಮೊದಲು, 2019ರ ಮಾರ್ಚಿನಲ್ಲಿ, ಠಾಣೆಯಿಂದ ಒಬ್ಬ ಮಹಿಳಾ ಪೊಲೀಸ್ ನಮ್ಮ ಮನೆಗೇ ಬಂದಿದ್ದಳು. ಇವರನ್ನು ಹೊರಗೆ ಕಳಿಸಿ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳಿದಳು. ಗಂಡ ಕುಡಿಯುತ್ತಾರೆಯೇ? ಹೊಡೆಯುತ್ತಾರೆಯೇ? ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಾರೆಯೇ? ಕೊನೆಗೆ, "ಜಗಳವಾದಾಗ ನಿಮ್ಮ ಮಾತು ಕೇಳುತ್ತಾರೆಯೇ?" ಎಂದಳು. ನನಗೆ ನಗು ಬಂತು. ಯಾವ ಗಂಡ ಕೇಳುತ್ತಾನಮ್ಮ ಎಂದು ನನ್ನ ಹರಕು ಜಪಾನಿಯಲ್ಲಿ ಹೇಳಿದೆ. ಅವಳು ನಗಲಿಲ್ಲ. ಏನೋ ಬರೆದುಕೊಂಡು ಹೋದಳು.

ಇದು ಹಿಂದಿನ ಕಥೆ. ಈಗ ಹೇಳಹೊರಟಿರುವುದು 2021ರ ಅಕ್ಟೋಬರಿನದು. ಆ ತಿಂಗಳು ಕೊರೊನಾ ತುರ್ತುಸ್ಥಿತಿ ತೆಗೆದರು. ಎರಡನೇ ಲಸಿಕೆಯೂ ಆಗಿತ್ತು. ಒಂದೂವರೆ ವರ್ಷ ಬೀದಿಯ ಕೊಂಬಿನಿ ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಕೊಂಬಿನಿ ಎಂದು ಓಡಾಡಿದ್ದ ನನಗೆ, ಹೊಕ್ಕೈಡೋಗೆ ಹೋಗಬೇಕು ಎಂದು ಇವರು ಹೇಳಿದಾಗ ನವರಾತ್ರಿಯೂ ನೆನಪಾಗಲಿಲ್ಲ. ನಾನೂ ಬರುತ್ತೇನೆ ಎಂದುಬಿಟ್ಟೆ. ಆಮೇಲೆ ಕ್ಯಾಲೆಂಡರ್ ನೋಡಿ, ಸರಸ್ವತಿಯ ಸಣ್ಣ ಪಟ, ಅರಿಶಿನ ಕುಂಕುಮ, ಎರಡು ದೀಪಗಳನ್ನು ಸೂಟ್‌ಕೇಸಿಗೆ ಹಾಕಿಕೊಂಡೆ.

ನಗೋಯಾದಲ್ಲಿ ಕಾರನ್ನು ಹಡಗಿಗೆ ಹತ್ತಿಸಿದೆವು. ಹತ್ತುವ ಮೊದಲು ಸಿಬ್ಬಂದಿಯೊಬ್ಬ ಬಂದೂಕಿನ ನಂಬರನ್ನು ಪುಸ್ತಕದ ನಂಬರಿನ ಜೊತೆ ಅಂಕೆ ಅಂಕೆಯಾಗಿ ಬೆರಳಿಟ್ಟು ತಾಳೆ ನೋಡಿದ. ನಮ್ಮ ಜಾತಕ ನೋಡಿದವರೂ ಇಷ್ಟು ಎಚ್ಚರ ವಹಿಸಿರಲಿಲ್ಲ. ಎರಡು ರಾತ್ರಿ ಕಳೆದು ತೊಮಕೊಮಾಯಿಯಲ್ಲಿ ಇಳಿದು, ಒಂದು ಗಂಟೆ ಕಾರಿನಲ್ಲಿ ಹೋಗಿ, ಹಿದಾಕಾದ ಒಂದು ಕಣಿವೆ ಸೇರಿದೆವು. ಅಲ್ಲಿ ಹರಿಯುವ ನದಿಯ ಹೆಸರು ಸಾರು. ಎರಡು ದಿನ ಹಡಗಿನ ಪೊಟ್ಟಣದ ಅನ್ನ ತಿಂದಿದ್ದ ನನಗೆ ಆ ಹೆಸರಿನ ಬೋರ್ಡು ನೋಡಿಯೇ ಹಸಿವಾಯಿತು.

ಅದು ಐನು ಜನರ ಕಣಿವೆ. ಜಪಾನಿನ ಸರ್ಕಾರ ಆ ದ್ವೀಪಕ್ಕೆ ಬರುವುದಕ್ಕೆ ಎಷ್ಟೋ ಮೊದಲಿನಿಂದ ಅಲ್ಲಿದ್ದವರು. ನಾವು ಇಳಿದುಕೊಂಡದ್ದು ಅವರಲ್ಲೊಬ್ಬರಾದ ಕಿಮುರಾ ಸಾನ್ ಅವರ ಮನೆಯಲ್ಲಿ. ಎಪ್ಪತ್ತೇಳು ವರ್ಷದ ಅಜ್ಜ, ಟೊಮೇಟೊ ಬೆಳೆಯುತ್ತಾರೆ, ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಒಂದೂವರೆ ವರ್ಷದ ನಂತರ ಬಂದ ಮೊದಲ ಅತಿಥಿಗಳು ನಾವೇ. ನಮ್ಮ ಹಣೆಗೆ ಥರ್ಮಾಮೀಟರ್ ಹಿಡಿದು, ಅದು ತೋರಿಸಿದ ಅಂಕಿಯನ್ನು ಗೋಡೆಯ ಮೇಲಿನ ಕಾಗದದಲ್ಲಿ ಬರೆದು, ಒಳಗೆ ಬಿಟ್ಟುಕೊಂಡರು.

ಅವರೂ ಹಿಂದೆ ಬೇಟೆಗಾರರು. ಕಣ್ಣು ಮಂಜಾದ ಮೇಲೆ ಬಂದೂಕನ್ನೂ ಪುಸ್ತಕವನ್ನೂ ಠಾಣೆಗೆ ಒಪ್ಪಿಸಿಬಿಟ್ಟಿದ್ದರು. ಖಾಲಿಯಾದ ಬೀರುವಿನಲ್ಲಿ ಮೂಲಂಗಿ ಉಪ್ಪಿನಕಾಯಿಯ ಜಾಡಿಗಳಿದ್ದವು. ನಾವು ಬರುತ್ತೇವೆಂದು ಜಾಡಿಗಳನ್ನು ಅಡುಗೆಮನೆಗೆ ಸಾಗಿಸಿ, ಬೀರುವಿಗಿದ್ದ ಒಂದೇ ಒಂದು ಬೀಗದ ಕೈಯನ್ನು ಇವರ ಕೈಗೆ ಕೊಟ್ಟರು. ಇವರು ಬಂದೂಕನ್ನು ಅದರೊಳಗಿಟ್ಟು ಬೀಗ ಹಾಕುವಾಗ, ನೇಮದಂತೆ ನಾನು ಕಿಟಕಿ ಕಡೆ ತಿರುಗಿ ನಿಂತೆ.

ಮರುದಿನ ಗುರುವಾರ, ಮಹಾನವಮಿ. ಸಂಜೆ ನಮ್ಮ ಕೋಣೆಯ ಮೂಲೆಯಲ್ಲಿ ತಗ್ಗು ಮೇಜಿನ ಮೇಲೆ ಸರಸ್ವತಿಯನ್ನು ಕೂರಿಸಿದೆ. ಎದುರಿಗೆ ಪುಸ್ತಕಗಳು: ಇವರ ಲ್ಯಾಬ್ ನೋಟ್‌ಬುಕ್, ನನ್ನ ಅಡುಗೆ ಬರೆದಿಟ್ಟ ಪುಸ್ತಕ, ಇಬ್ಬರ ಪಾಸ್‌ಪೋರ್ಟು, ಲಸಿಕೆ ಹಾಕಿಸಿಕೊಂಡ ಕಾಗದ. ಇವರು ಬಂದು ಪಕ್ಕದಲ್ಲಿ ಕೂತರು.

"ಆಯುಧಪೂಜೆ ಅಲ್ವಾ, ಬಂದೂಕಿಗೂ ಒಂದು ಹೂವು ಇಡೋಣ್ವಾ?"

"ಕಾರಿಗೆ ಇಟ್ಟಾಯ್ತು. ಸಾಕು," ಎಂದೆ.

"ಯಾಕೆ ಕಾತ್ಯಾ, ಅದೂ ಆಯುಧಾನೇ ತಾನೆ?"

ಅಷ್ಟು ಹೊತ್ತೂ ಬಾಯಿಯವರೆಗೆ ಬಂದು ನಿಂತಿದ್ದದ್ದು ಹೊರಬಿತ್ತು. "ರೀ, ನಾಳೆ ವಿಜಯದಶಮಿ. ನಾಳೆ ಒಂದಿನ ಕೊಲ್ಬೇಡಿ."

"ಸಪ್ಪೊರೊ ಇಂದ ಸರ್ವೆ ಟೀಮ್ ಬರ್ತಿದೆ. ಡೇಟ್ಸ್ ಫಿಕ್ಸ್ ಆಗಿದೆ ಕಣೇ. ಏಳು ಗಂಟೆಗೆ ಬೆಟ್ಟದ ಮೇಲಿನ ಗುಡಿಸಲಿಗೆ ನಾನು ಹೋಗ್ಲೇಬೇಕು."

"ಹೋಗಿ. ಹೊಡೀಬೇಡಿ ಅಂದೆ ಅಷ್ಟೇ."

"ಹೊಡೀದೆ ಸ್ಯಾಂಪಲ್ ಎಲ್ಲಿಂದ ಬರತ್ತೆ? ಯು ಆರ್ ಬೀಯಿಂಗ್ ಸೆಂಟಿಮೆಂಟಲ್."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗಿದೆ ನಮ್ಮ ಸಂಸಾರ. ಇವರು ಎದ್ದು ಸ್ನಾನಕ್ಕೆ ಹೋದರು. ನನಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಗಿತ್ತು. ಸೆಂಟಿಮೆಂಟಲ್ ಅಂತೆ. ಹದಿಮೂರು ವರ್ಷದಲ್ಲಿ ಈ ಮನುಷ್ಯನ ಕೆಲಸಕ್ಕೆ ಒಂದು ಸಲವೂ ಅಡ್ಡ ಬಂದವಳಲ್ಲ ನಾನು.

ಗೂಟಕ್ಕೆ ತೂಗುಹಾಕಿದ್ದ ಅವರ ಜಾಕೆಟ್ಟಿನ ಒಳಜೇಬಿಗೆ ಕೈಹಾಕಿ ಬಂದೂಕಿನ ಪುಸ್ತಕವನ್ನು ತೆಗೆದೆ. ಎಲ್ಲ ಪುಸ್ತಕಗಳ ಮೇಲೆ ಅದನ್ನಿಟ್ಟು, ರಟ್ಟಿಗೆ ಕುಂಕುಮ ಹಚ್ಚಿ, ಎರಡು ಅಕ್ಷತೆ ಹಾಕಿದೆ. ಪುಸ್ತಕ ತಾನೆ, ಪುಸ್ತಕವನ್ನು ಸರಸ್ವತಿಯ ಮುಂದೆ ಇಡಬೇಕು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಇಟ್ಟ ಪುಸ್ತಕವನ್ನು ದಶಮಿಯ ಬೆಳಗಿನ ಪೂಜೆಯಾಗುವವರೆಗೆ ತೆಗೆಯಬಾರದು, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಪರೀಕ್ಷೆಯಿದ್ದರೂ ಓದು ತಪ್ಪುತ್ತಿತ್ತಲ್ಲ, ಅದಕ್ಕೇ ಆ ಹಬ್ಬ ನಮಗೆ ಅಷ್ಟು ಪ್ರೀತಿ. ಬೆಳಿಗ್ಗೆ ಇವರು ಜೇಬು ತಡಕುತ್ತಾರೆ, ಹುಡುಕುತ್ತಾರೆ, ನನ್ನನ್ನು ಎಬ್ಬಿಸುತ್ತಾರೆ. ಆಗ ಹೇಳುತ್ತೇನೆ, ಪೂಜೆಯಾಗಲಿ ಇರಿ ಎಂದು. ಇದು ನನ್ನ ಲೆಕ್ಕಾಚಾರ. ಬೇಕೆಂದೇ ಮಾಡಿದೆ. ಮರೆತು ಮಾಡಿದೆ ಎಂದು ಆಮೇಲೆ ಯಾರಿಗೂ ಹೇಳಿಲ್ಲ.

ಎಚ್ಚರವಾದಾಗ ಆರೂಕಾಲು. ಇವರ ಹಾಸಿಗೆ ಮಡಿಸಿಟ್ಟಿತ್ತು. ಗೂಟದಲ್ಲಿ ಜಾಕೆಟ್ ಇಲ್ಲ, ಅಂಗಳದಲ್ಲಿ ಕಾರೂ ಇಲ್ಲ. ಪುಸ್ತಕ ಮಾತ್ರ ನಾನಿಟ್ಟ ಜಾಗದಲ್ಲೇ ಇತ್ತು, ಅಕ್ಷತೆಯೂ ಅಲುಗಿರಲಿಲ್ಲ.

ಜೇಬು ನೋಡಿಕೊಳ್ಳದೆಯೇ ಹೋಗಿದ್ದಾರೆ! ಮನೆ ಬಿಡುವಾಗ ಗ್ಯಾಸ್ ಮೂರು ಸಲ ನೋಡುವ ಮನುಷ್ಯ, ಇವತ್ತೇ ಯಾಕೆ ನೋಡಲಿಲ್ಲ? ಬೀರುವಿನ ಹತ್ತಿರ ಓಡಿದೆ. ಬೀಗ ಹಾಕಿತ್ತು. ಒಳಗೆ ಏನಿದೆ, ಏನಿಲ್ಲ ಎಂದು ನೋಡುವ ಹಕ್ಕು ನನಗಿಲ್ಲ, ಬೀಗದ ಕೈಯೂ ಇಲ್ಲ. ಇವರಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಂದು ಹೆಣ್ಣು ದನಿ ಬಹಳ ವಿನಯದಿಂದ ಹೇಳಿತು. ಮೂರು ಸಲ ಹೇಳಿತು.

ಅಡುಗೆಮನೆಯಲ್ಲಿ ಕಿಮುರಾ ಸಾನ್ ಟೀ ಕುಡಿಯುತ್ತಿದ್ದರು. ನನ್ನ ಮುಖ ನೋಡಿ ಏನಾಯಿತು ಎಂದರು. ಪುಸ್ತಕ ಇಲ್ಲೇ ಇದೆ ಎಂದು ಹೇಳುವಷ್ಟರಲ್ಲಿ ನನ್ನ ಜಪಾನಿ ಎಲ್ಲ ಮುಗಿದುಹೋಯಿತು. ಅವರಿಗೆ ಅಷ್ಟೇ ಸಾಕಾಯಿತು. ಬಟ್ಟಲು ಕೆಳಗಿಟ್ಟರು.

"ಬೇಟೆಯ ಕಾಲ ಈಗಷ್ಟೇ ಶುರುವಾಗಿದೆ, ಅಮ್ಮಾ. ಸೇತುವೆ ದಾಟಿದ ಮೇಲೆ, ಕಾಡಿನ ರಸ್ತೆಯ ಬಾಯಲ್ಲಿ, ಪೊಲೀಸರು ಒಂದೊಂದೇ ಗಾಡಿ ನಿಲ್ಲಿಸಿ ನೋಡ್ತಾರೆ. ಇವತ್ತು ಇರ್ತಾರೆ. ಚೀಟಿ ಅಂಟಿಸಿದ್ದರು."

ಮಾಡಿದ್ದುಣ್ಣೋ ಮಹಾರಾಯ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆದರೆ ಇಲ್ಲಿ ಮಾಡಿದವಳು ನಾನು, ಉಣ್ಣಬೇಕಾದವರು ಅವರು. ಸ್ನಾನವಿಲ್ಲ, ಪೂಜೆಯಿಲ್ಲ, ಹಲ್ಲು ಕೂಡ ಉಜ್ಜಿರಲಿಲ್ಲ. ತಾಯೀ ಕ್ಷಮಿಸು ಎಂದು ಒಂದು ಸಲ ಅಂದು ಪುಸ್ತಕವನ್ನು ಎಳೆದೆ. ರಾಶಿ ಜಾರಿ ಪಾಸ್‌ಪೋರ್ಟುಗಳು ಚಾಪೆಯ ಮೇಲೆ ಬಿದ್ದವು. ಎತ್ತಿಡಲಿಲ್ಲ. ಮಾಸ್ಕ್ ಸಿಕ್ಕಿಸಿಕೊಂಡು ಕಿಮುರಾ ಸಾನ್ ಅವರ ಪುಟ್ಟ ಟ್ರಕ್ಕಿಗೆ ಹತ್ತಿ ಕೂತೆ.

ಟ್ರಕ್ಕಿನೊಳಗೆ ನನಗೂ ಅವರಿಗೂ ನಡುವೆ ಕೊರೊನಾಕ್ಕೆಂದು ಬಚ್ಚಲಿನ ಹಳೇ ಪ್ಲಾಸ್ಟಿಕ್ ಪರದೆ ಕಟ್ಟಿದ್ದರು, ಮೀನಿನ ಚಿತ್ರದ್ದು. ಅದರಾಚೆಯಿಂದ ಅವರು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಗಾಡಿ ಬಿಡುತ್ತಿದ್ದರು. ಎರಡೂ ಕಡೆ ಮರಗಳು ಹಳದಿಯಾಗಿದ್ದವು. ನದಿಯಿಂದ ಮಂಜು ಏಳುತ್ತಿತ್ತು. ಬೇರೆ ದಿನವಾಗಿದ್ದರೆ ಫೋಟೋ ತೆಗೆಯುತ್ತಿದ್ದೆ.

"ಸ್ವಲ್ಪ ಬೇಗ ಹೋಗೋಕಾಗಲ್ವಾ?" ಎಂದು ಕೇಳಿದೆ.

"ಪೊಲೀಸರು ಎಲ್ಲೂ ಓಡಿಹೋಗಲ್ಲ," ಎಂದರು. ನನ್ನ ಮಡಿಲಿನ ಪುಸ್ತಕದ ಕಡೆ ನೋಡಿದರು. "ಅದರ ಮೇಲೆ ಕೆಂಪಗಿರೋದೇನು?"

ಹೇಳಿದೆ. ಪುಸ್ತಕದ ದೇವತೆ, ಒಂದು ದಿನ ಎಲ್ಲ ಪುಸ್ತಕಗಳೂ ಅವಳ ಹತ್ತಿರ ಇರುತ್ತವೆ, ಯಾರೂ ಮುಟ್ಟುವುದಿಲ್ಲ ಎಂದು. ಯಾಕೆ ಇಟ್ಟೆ ಎನ್ನುವುದನ್ನೂ ಹೇಳಿಬಿಟ್ಟೆ. ಪರದೆಯ ಆಚೆ ಇರುವವರಿಗೆ ಹೇಳುವುದು ಸುಲಭವಾಯಿತು.

ಅವರು ಬೈಯಲಿಲ್ಲ. "ನನ್ನ ಹೆಂಡತಿಯಾಗಿದ್ದರೆ ಬಂದೂಕನ್ನೇ ನದಿಗೆ ಎಸೀತಿದ್ದಳು," ಎಂದರು. ಆಮೇಲೆ ಎದುರಿನ ಬೆಟ್ಟದ ಕಡೆ ಗಲ್ಲ ಎತ್ತಿ ತೋರಿಸಿದರು. "ನಮ್ಮ ತಾತನನ್ನ ಅಲ್ಲಿ ಹಿಡಿದಿದ್ದರು. ಬಂದೂಕು ಯಾರದು ಅಂತ ಕೇಳಿದರಂತೆ. ತಾತ ಕಾಗದ ತೋರಿಸಿದ. ಅಷ್ಟೊತ್ತಿಗೆ ಕಾಗದ ಇಟ್ಟುಕೊಳ್ಳೋದು ನಮ್ಮವರೂ ಕಲಿತಿದ್ದರು. ಬೆಟ್ಟ ಯಾರದು ಅಂತ ಕೇಳಿದರು. ನಮ್ಮದು ಅಂದ. ಅದಕ್ಕೂ ಕಾಗದ ತೋರಿಸು ಅಂದರು."

"ಆಮೇಲೆ?"

"ಬೆಟ್ಟಕ್ಕೆ ಎಲ್ಲಿಂದ ಕಾಗದ ತರ್ತಾನೆ? ಸರ್ಕಾರದ ಕಾಡಿಗೆ ನುಗ್ಗಿದ ಅಂತ ದಂಡ ಹಾಕಿದರು." ಅವರು ಗೇರ್ ಬದಲಿಸಿದರು. "ಕಾಗದ ತಂದಿದ್ದೀಯಲ್ಲ, ಹೆದರಬೇಡ."

ಪುಸ್ತಕವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಸೇತುವೆ ದಾಟಿ ತಿರುವು ತೆಗೆದುಕೊಂಡ ಕೂಡಲೇ ಕಂಡಿತು. ರಸ್ತೆಯ ಬದಿಯಲ್ಲಿ ಪೊಲೀಸ್ ಗಾಡಿ, ಅದರ ಹಿಂದೆ ನಾಲ್ಕು ಕಾರು, ನಾಲ್ಕನೆಯದು ನಮ್ಮದು. ಇವರು ಕಾರಿನ ಪಕ್ಕ ಕೈಕಟ್ಟಿಕೊಂಡು ನಿಂತಿದ್ದರು. ಎದುರಿಗೆ ಒಬ್ಬ ಎಳೇ ಪೊಲೀಸ್ ಏನೋ ಬರೆದುಕೊಳ್ಳುತ್ತಿದ್ದ. ಟ್ರಕ್ ಪೂರ್ತಿ ನಿಲ್ಲುವ ಮೊದಲೇ ಇಳಿದು ಹವಾಯಿ ಚಪ್ಪಲಿಯಲ್ಲೇ ಓಡಿದೆ.

"ಸುಮಿಮಾಸೆನ್! ಕ್ಷಮಿಸಿ! ಅವರ ತಪ್ಪಲ್ಲ. ನಾನು ತೆಗೆದೆ. ಜೇಬಿಂದ ನಾನೇ ತೆಗೆದು ಬಚ್ಚಿಟ್ಟೆ. ಇಗೊಳ್ಳಿ ಪುಸ್ತಕ. ಅವರಿಗೇನೂ ಗೊತ್ತಿಲ್ಲ."

ಮುಂದಿನ ಕಾರಿನವರೆಲ್ಲ ತಿರುಗಿ ನೋಡಿದರು. ಪೊಲೀಸ್ ಪುಸ್ತಕ ತೆಗೆದುಕೊಂಡು, ರಟ್ಟಿನ ಮೇಲಿನ ಕೆಂಪು ನೋಡಿ ಬೆಚ್ಚಿದ. "ರಕ್ತವೇ?"

"ಅಲ್ಲ, ಪೂಜೆಯದು," ಎಂದರು ಇವರು.

ಅವನು ಪುಟ ತಿರುವಿದ. ಫೋಟೋ ನೋಡಿದ, ಇವರ ಮುಖ ನೋಡಿದ, ಮಾಸ್ಕ್ ಇಳಿಸಲು ಹೇಳಿ ಮತ್ತೊಮ್ಮೆ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, "ಪುಸ್ತಕ ಸರಿಯಾಗಿದೆ. ಬಂದೂಕು ಎಲ್ಲಿ?" ಎಂದ.

"ಆಗ್ಲೇ ಹೇಳಿದ್ನಲ್ಲ, ತಂದಿಲ್ಲ," ಎಂದರು ಇವರು.

ನಾನು ಇವರ ಮುಖವನ್ನೇ ನೋಡಿದೆ. ಇವರು ಹೋಗಿ ಡಿಕ್ಕಿ ತೆಗೆದರು. ಐಸ್ ಪೆಟ್ಟಿಗೆ, ಸ್ಯಾಂಪಲ್ ಬಾಟಲಿಗಳು, ರಬ್ಬರ್ ಗ್ಲೌಸು, ಹಿಂದಿನ ದಿನ ನಾನು ಮಾಡಿದ್ದ ಪುಳಿಯೋಗರೆಯ ಡಬ್ಬಿ. ಪೊಲೀಸ್ ಬಗ್ಗಿ ಡಬ್ಬಿಯ ಹಿಂದೆಯೂ ನೋಡಿದ. ಗುಡ್ಡ ಅಗೆದು ಇಲಿ ಹಿಡಿಯುವುದು ಎನ್ನುತ್ತಾರಲ್ಲ, ಇಲ್ಲಿ ಇಲಿಯೂ ಸಿಗಲಿಲ್ಲ.

"ಕಿಮುರಾ ಸಾನ್ ಮನೆ ಬೀರುವಿನಲ್ಲಿದೆ, ಬೀಗದ ಕೈ ನನ್ನ ಹತ್ತಿರ ಇದೆ," ಎಂದು ಇವರು ಸಮಾಧಾನವಾಗಿ ವಿವರಿಸಿದರು. "ಪುಸ್ತಕ ಜೊತೆಗಿರಲಿಲ್ಲ. ಬಂದೂಕು ಹೇಗೆ ತರಲಿ? ಸರ್ವೆ ಟೀಮಿನ ಬೇರೆಯವರು ಹೊಡೆದದ್ದರಿಂದ ಸ್ಯಾಂಪಲ್ ತೆಗೆಯೋಕೆ ಹೋಗ್ತಿದ್ದೀನಿ."

ಪೊಲೀಸ್ ಟೋಪಿ ಸರಿಮಾಡಿಕೊಂಡ. ಬಂದೂಕಿದ್ದು ಪುಸ್ತಕವಿಲ್ಲದವರನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಪುಸ್ತಕವಿದ್ದು ಬಂದೂಕಿಲ್ಲದವರ ಬಗ್ಗೆ ಅವನ ಹಾಳೆಯಲ್ಲಿ ಜಾಗವಿರಲಿಲ್ಲ. ಸಂಜೆ ಮನೆಗೇ ಬಂದು ನಂಬರ್ ತಾಳೆ ನೋಡುತ್ತೇನೆ ಎಂದು ಹೇಳಿ ಪುಸ್ತಕವನ್ನು ಎರಡು ಕೈಯಲ್ಲಿ ಹಿಂತಿರುಗಿಸಿದ. ಟ್ರಕ್ಕಿಗೆ ಒರಗಿ ನಿಂತಿದ್ದ ಕಿಮುರಾ ಸಾನ್ ಗಟ್ಟಿಯಾಗಿ ನಕ್ಕರು. "ಇದನ್ನ ನೋಡೋಕೆ ನಮ್ಮ ತಾತ ಇರಬೇಕಿತ್ತು," ಎಂದರು.

ಕಾರಿನ ಬಾಗಿಲ ಹತ್ತಿರ ನಾವಿಬ್ಬರೇ ಉಳಿದೆವು.

"ರೀ, ನೀವು ಪುಸ್ತಕ ನೋಡಿದ್ರಾ?"

"ಬೆಳಿಗ್ಗೆ ಜಾಕೆಟ್ ಹಾಕ್ಕೊಂಡಾಗ ಜೇಬು ಖಾಲಿ ಅನ್ನಿಸ್ತು. ಲೈಟ್ ಹಾಕಿದೆ. ಅಲ್ಲೇ ಇತ್ತಲ್ಲ, ಮೇಲೇ."

"ಮತ್ತೆ ತಗೋಬೇಕಿತ್ತು!"

"ಕುಂಕುಮ ಇಟ್ಟಿದ್ದೀಯ. ಹೇಗೆ ತೆಗೀಲಿ?"

"ನನ್ನನ್ನ ಎಬ್ಬಿಸಿ ಕೇಳಬಹುದಿತ್ತಲ್ಲ?"

"ಏನು ಕೇಳೋದು ಕಾತ್ಯಾ? ನೀನು ನಿನ್ನೇನೇ ಹೇಳಿದ್ಯಲ್ಲ," ಎಂದರು ಇವರು. "ನಾನೇ ಸೆಂಟಿಮೆಂಟಲ್ ಅಂದ್ಬಿಟ್ಟೆ. ಸಾರಿ."

ನನಗೆ ಅಳು ಬಂತು. ರಸ್ತೆಯಲ್ಲಿ, ಪೊಲೀಸಿನವನ ಎದುರಿಗೆ, ಅತ್ತುಬಿಟ್ಟೆ. ಇವರನ್ನು ಕಿವುಡರೆಂದುಕೊಂಡು ನಾನು ಕಳ್ಳತನ ಮಾಡಿದ್ದೆ. ಇವರು ಕೇಳಿಸಿಕೊಂಡು, ನನ್ನ ನಿದ್ದೆ ಕೆಡಿಸದೆ, ಬಂದೂಕು ಬಿಟ್ಟು ಹೊರಟಿದ್ದರು. ನಾಚಿಕೆಯೂ ಆಯಿತು, ಇವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿಯೂ ಬಂತು.

"ಪೂಜೆ ಎಲ್ಲ ಕೆಡಿಸಿ ಬಂದೆ ರೀ. ಪಾಸ್‌ಪೋರ್ಟ್ ಎಲ್ಲ ಕೆಳಗೆ ಬಿದ್ದಿದೆ."

"ಪರವಾಗಿಲ್ಲ. ಹೋಗಿ ಸ್ನಾನ ಮಾಡಿ ಮತ್ತೆ ಇಡು. ಇದನ್ನೂ ಇಡು," ಎಂದು ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. "ಪುಳಿಯೋಗರೆ ಚೆನ್ನಾಗಿದೆ, ದಾರೀಲಿ ಎರಡು ತುತ್ತು ತಿಂದೆ."

ಕಾರು ಬೆಟ್ಟದ ಕಡೆ ಹೋಯಿತು. ನಾನು ಟ್ರಕ್ಕಿನಲ್ಲಿ ಮನೆಗೆ ಬಂದು, ಸ್ನಾನ ಮಾಡಿ, ಎಲ್ಲ ಪುಸ್ತಕಗಳನ್ನು ಮೊದಲಿದ್ದಂತೆ ಜೋಡಿಸಿ ಪೂಜೆ ಮುಗಿಸಿದೆ. ಪೂಜೆಯಾದ ಮೇಲೆ ಪ್ರತಿಯೊಂದು ಪುಸ್ತಕದಿಂದಲೂ ಒಂದೆರಡು ಸಾಲು ಓದಬೇಕು. ಬಂದೂಕಿನ ಪುಸ್ತಕವನ್ನು ನಾನು ಅಲ್ಲಿಯವರೆಗೆ ಬಿಡಿಸಿ ನೋಡಿರಲಿಲ್ಲ. ಬೆರಳಿಟ್ಟು ಓದಿದೆ: ಇವರ ಹೆಸರು, ಹುಟ್ಟಿದ ದಿನ, ನಮ್ಮ ಮನೆಯ ವಿಳಾಸ. ಉಳಿದ ಅಕ್ಷರಗಳು ಬರಲಿಲ್ಲ. ಕಿಮುರಾ ಸಾನ್ ಬಾಗಿಲಲ್ಲಿ ನಿಂತು ಅವನ್ನು ಓದಿ ಹೇಳಿದರು.

ಸಂಜೆ ಆ ಪೊಲೀಸ್ ಬಂದ. ಇವರು ಬೀಗದ ಕೈ ತೆಗೆಯುವಾಗ ನಾನು ಕಿಟಕಿಯ ಕಡೆ ತಿರುಗಿ ನಿಂತೆ. ನಂಬರು ತಾಳೆಯಾಯಿತು. ಬಂದೂಕಿಗೆ ಉಪ್ಪಿನಕಾಯಿಯ ವಾಸನೆ ಬಂದಿದೆ ಎಂದು ಮಾತ್ರ ಹೇಳಿ, ಒಂದು ಬುಟ್ಟಿ ಟೊಮೇಟೊ ಇಸಿದುಕೊಂಡು ಹೋದ.

ಮುಂದಿನ ಮಾರ್ಚಿನಲ್ಲಿ ಅನುಮತಿಯ ನವೀಕರಣಕ್ಕೆ ಅದೇ ಮಹಿಳಾ ಪೊಲೀಸ್ ಮತ್ತೆ ಮನೆಗೆ ಬಂದಳು. ಮಾಸ್ಕ್ ಹಾಕಿದ್ದಳು. ಇವರನ್ನು ಹೊರಗೆ ಕಳಿಸಿ, ನನ್ನೆದುರು ಕೂತು, ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದಳು. ಕುಡಿಯುವುದು, ಹೊಡೆಯುವುದು, ನಿದ್ದೆ. ಪುಸ್ತಕದ ರಟ್ಟಿನ ಮೇಲಿನ ಕೆಂಪು ಕಲೆ ಏನೆಂದೂ ಕೇಳಿದಳು, ಹೇಳಿದೆ. ಕೊನೆಗೆ ಹಾಳೆ ತಿರುವಿ, "ಜಗಳವಾದಾಗ ನಿಮ್ಮ ಮಾತು ಕೇಳುತ್ತಾರೆಯೇ?" ಎಂದಳು.

ಈ ಸಲ ನನಗೆ ನಗು ಬರಲಿಲ್ಲ. ಅವಳು ಪೆನ್ ಹಿಡಿದು ಕಾದಳು.

"ಕೇಳುತ್ತಾರೆ," ಎಂದೆ.

ಅವಳು ಬರೆದುಕೊಂಡಳು.